ಹೊಸ ವರ್ಷದ ಗುರಿ ಸರಿ, ಅದಕ್ಕಾಗಿ ಏನು ಬಿಡ್ತೀರಿ?

ಬೆಳಗಿನ_ಬಸ್ಸು · 27 ಡಿಸೆಂಬರ್ 2025, ಬೆಳಿಗ್ಗೆ 7:12

ಡಿಸೆಂಬರ್ ಕೊನೆ ವಾರ ಬಂತು ಅಂದ್ರೆ ಗುರಿಗಳ ಪಟ್ಟಿ ಶುರು. ತೂಕ ಇಳಿಸ್ತೀನಿ, ಐವತ್ತು ಪುಸ್ತಕ ಓದ್ತೀನಿ, ಬೆಳಿಗ್ಗೆ ಐದಕ್ಕೆ ಏಳ್ತೀನಿ. ಎಲ್ಲರೂ ಎಲ್ಲರಿಗೂ ಒಂದೊಂದು ಲೈಕ್ ಒತ್ತಿ ಹೋಗ್ತೀವಿ. ಈ ಸಲ ಬೇರೆ ಥರ ಮಾಡೋಣ.

ನಿಯಮ ಇಷ್ಟೇ. ಒಂದು ಗುರಿ ಹೇಳಿ, ಒಂದೇ ಒಂದು. ಅದರ ಜೊತೆಗೆ ಅದಕ್ಕೋಸ್ಕರ ಏನು ಬಿಡ್ತೀರಿ ಅನ್ನೋದನ್ನೂ ಬರೀರಿ. ನಮ್ಮಲ್ಲಿ ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರೋ ಪದ್ಧತಿ ಇದೆಯಲ್ಲ, ಹಾಗೆ. (ಹಾಗಲಕಾಯಿ ಬಿಟ್ಟು ಬಂದ ಜಾಣರೂ ಇದ್ದಾರೆ, ಅಂಥವರಿಗೆ ಇಲ್ಲಿ ಪ್ರವೇಶ ಇಲ್ಲ.) ದಿನಕ್ಕೆ ಇರೋದು 24 ಗಂಟೆ, ಅದೂ ಈಗಾಗಲೇ ಭರ್ತಿ. ಹೊಸ ಕೆಲಸ ಒಳಗೆ ಬರಬೇಕಾದ್ರೆ ಹಳೇದು ಯಾವುದೋ ಜಾಗ ಖಾಲಿ ಮಾಡಬೇಕು. ಯಾವುದು ಖಾಲಿ ಆಗುತ್ತೆ ಅಂತ ಗೊತ್ತಿಲ್ಲದ ಗುರಿ, ನನ್ನ ಪ್ರಕಾರ, ಬರೀ ಆಸೆ.

ನಂದು: ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯೋದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೋ ವಾರಕ್ಕೆ 150 ನಿಮಿಷದ ಲೆಕ್ಕ ಅಲ್ಲಿಗೆ ಸರಿಹೋಗುತ್ತೆ. ಕಾರಣ ಏನಂದ್ರೆ ರಕ್ತದ ಸಕ್ಕರೆ ಪರೀಕ್ಷೆ ಎಚ್‌ಬಿಎ1ಸಿ 6.1 ಬಂದಿದೆ. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಡಾಕ್ಟರು ಹೇಳಿದ್ರು.

ಬಿಡೋದು: ರಾತ್ರಿ ಊಟ ಆದಮೇಲೆ ಟೀವಿಯಲ್ಲಿ ಎಂಟು ಜನ ಒಟ್ಟಿಗೆ ಕಿರುಚಾಡೋ ಚರ್ಚೆ. ನಡಿಗೆಯ ಹೊತ್ತು ಅದೇ.

---

ಎಕ್ಸೆಲ್_ರಾಯ · 27 ಡಿಸೆಂಬರ್, ಬೆಳಿಗ್ಗೆ 9:40

ಒಳ್ಳೆ ಎಳೆ. ಆದ್ರೆ ಒಂದೇ ಗುರಿ ಯಾಕೆ? ನಾನು ಐಟಿಯವನು. ಆಫೀಸಲ್ಲಿ ಮೂರು ತಿಂಗಳಿಗೊಮ್ಮೆ ಓಕೆಆರ್ (ಗುರಿ, ಅದನ್ನ ಅಳೆಯೋ ಫಲಿತಾಂಶಗಳ ಪಟ್ಟಿ) ಬರೀತೀವಿ. ಇಂಟೆಲ್‌ನಲ್ಲಿ ಆಂಡಿ ಗ್ರೋವ್ ಶುರು ಮಾಡಿದ್ದು, 1999ರಲ್ಲಿ ಜಾನ್ ಡೋರ್ ಅದನ್ನ ಗೂಗಲ್‌ಗೆ ತಂದ್ರು. ಅದಕ್ಕೂ ಹಿಂದೆ 1981ರಲ್ಲಿ ಜಾರ್ಜ್ ಡೋರನ್ ಅನ್ನೋರು 'ಸ್ಮಾರ್ಟ್' ಸೂತ್ರ ಕೊಟ್ಟಿದ್ರು: ಗುರಿ ನಿರ್ದಿಷ್ಟವಾಗಿರಬೇಕು, ಅಳೆಯೋಕೆ ಬರಬೇಕು, ಅದಕ್ಕೊಂದು ಗಡುವು ಇರಬೇಕು, ಹೀಗೆ. ಇದನ್ನೆಲ್ಲ ನಾನು ಮನೆಗೂ ತಂದಿದ್ದೀನಿ. ಆರೋಗ್ಯ, ಹಣ, ಓದು, ಸಂಸಾರ, ಹವ್ಯಾಸ, ಸಮಾಜ, ಅಧ್ಯಾತ್ಮ, ಒಟ್ಟು ಏಳು ಗುರಿ. ಪ್ರತಿಯೊಂದಕ್ಕೂ ಬಣ್ಣ ಹಾಕಿದ ಶೀಟ್ ಇದೆ. ಬೇಕಾದವರಿಗೆ ಲಿಂಕ್ ಕೊಡ್ತೀನಿ.

ಬಿಡೋದು: ಇನ್ನೂ ಯೋಚಿಸಿಲ್ಲ.

---

ಕರಾವಳಿ_ಕಾಗೆ · 27 ಡಿಸೆಂಬರ್, ಬೆಳಿಗ್ಗೆ 10:05

ಏಳು ಗುರಿ, ಬಿಡುವ ಕಾಲಂ ಖಾಲಿ. ಶೀಟ್ ಮಾಡುವುದೇ ನಿಮ್ಮ ಹವ್ಯಾಸ ಅಂತ ಕಾಣ್ತದೆ ಮಾರಾಯ್ರೆ.

ತಮಾಷೆ ಬಿಡಿ. ಬಸ್ಸಿನವರು ಕಾಶಿಯ ಸುದ್ದಿ ತೆಗೆದದ್ದು ಒಳ್ಳೆಯದಾಯ್ತು. ನಮ್ಮ ಉಡುಪಿ ಕಡೆ ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ವ್ರತ ಉಂಟು. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೇ ತಿಂಗಳು ಮೊಸರು ಇಲ್ಲ. ಮೂರನೇ ತಿಂಗಳು ಹಾಲು ಇಲ್ಲ. ನಾಲ್ಕನೇ ತಿಂಗಳು ದ್ವಿದಳ, ಅಂದ್ರೆ ಬೇಳೆಕಾಳು ಇಲ್ಲ. ಚಂದ ಇರುವುದು ಎಲ್ಲಿ ಅಂದ್ರೆ, ಒಂದು ಹೋಗುವಾಗ ಹಿಂದಿನದ್ದು ವಾಪಸ್ ಬರ್ತದೆ. ಮೊಸರು ಬಿಟ್ಟ ದಿನ ತರಕಾರಿ ಮತ್ತೆ ಎಲೆಗೆ ಬಂತು. ಮುಗಿಯುವ ದಿನ ಪಂಚಾಂಗದಲ್ಲೇ ಉಂಟು. ಹಾಗಾಗಿ ಎಂಬತ್ತು ದಾಟಿದ ಅಜ್ಜಿಯೂ ಮಾಡ್ತಾರೆ.

ನಮ್ಮ ಹೊಸ ವರ್ಷದ ಗುರಿಗೆ ಮುಗಿಯುವ ದಿನವೇ ಇಲ್ಲ. 'ಇನ್ನು ಸಕ್ಕರೆ ಮುಟ್ಟುವುದಿಲ್ಲ' ಅಂತ ಹೇಳಿದರೆ ಯಾವಾಗಿನ ತನಕ? ಸಾಯುವ ತನಕವಾ? ಮನಸ್ಸು ಅವತ್ತೇ ಕಳ್ಳದಾರಿ ಹುಡುಕ್ತದೆ. ಎಂತ ವ್ರತ ಆದ್ರೂ ಅದಕ್ಕೊಂದು ಉದ್ಯಾಪನೆ ಇರ್ತದೆ, ನಾಲ್ಕು ಜನಕ್ಕೆ ಊಟ ಹಾಕಿ ಮುಗಿಸುವುದು. ಗುರಿಗೂ ಅದು ಬೇಕು.

ನನ್ನದು: ಜನವರಿ ಒಂದು ತಿಂಗಳು ರಾತ್ರಿ ಒಂಬತ್ತರ ಮೇಲೆ ಮೊಬೈಲ್ ಮುಟ್ಟುವುದಿಲ್ಲ. ಬಿಡುವುದೂ ಅದೇ. 31ಕ್ಕೆ ಉದ್ಯಾಪನೆ, ನೀರುದೋಸೆ. ಫೆಬ್ರವರಿಯದ್ದು ಫೆಬ್ರವರಿಗೆ ನೋಡುವ.

---

ಮೊದಲ_ಸಂಬಳ · 27 ಡಿಸೆಂಬರ್, ಮಧ್ಯಾಹ್ನ 1:20

ದಾವಣಗೆರೆಯವನು, ಬೆಂಗಳೂರಲ್ಲಿ ಹೊಸದಾಗಿ ಕೆಲಸ. ಆರು ತಿಂಗಳ ಖರ್ಚಿಗಾಗೋಷ್ಟು ತುರ್ತು ಹಣ ಇಟ್ಕೋಬೇಕು ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ. ನನ್ನ ಖರ್ಚು ತಿಂಗಳಿಗೆ 18 ಸಾವಿರ. ಅಂದ್ರೆ 1,08,000. ಆ ಸಂಖ್ಯೆ ನೋಡಿದ್ರೇ ಕೈಕಾಲು ಆಡಲ್ಲ. ಇದು ಗುರಿ ಅಂತ ಬರೆಯೋದಾ ಬೇಡವಾ?

---

ಪಾಸ್‌ಬುಕ್ · 27 ಡಿಸೆಂಬರ್, ಮಧ್ಯಾಹ್ನ 3:15

ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು ಹೇಳ್ತೀನಿ ಕೇಳಪ್ಪ. 1,08,000ವನ್ನು ಈ ವರ್ಷವೇ ಮುಟ್ಟಬೇಕು ಅಂತ ಯಾರೂ ಹೇಳಿಲ್ಲ. ಈ ವರ್ಷಕ್ಕೆ ಮೂರು ತಿಂಗಳ ಖರ್ಚು ಸಾಕು. ತಿಂಗಳಿಗೆ 4,500ರಂತೆ ಒಂದು ವರ್ಷದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆ. ವರ್ಷದ ಕೊನೆಗೆ ಅಸಲೇ 54,000 ಆಗುತ್ತೆ, ಬಡ್ಡಿ ಬೇರೆ. ಸಂಬಳ ಬಿದ್ದ ಮಾರನೇ ದಿನವೇ ಅದು ತಾನಾಗಿ ಕತ್ತರಿಸಿ ಹೋಗೋ ಹಾಗೆ ಬರೆದುಕೊಡು. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೀನಿ ಅಂದವರ ಖಾತೆಗಳನ್ನು ನಾನು ಬೇಕಾದಷ್ಟು ನೋಡಿದ್ದೀನಿ. ಏನೂ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ಅಂಚೆ ಕಚೇರಿಯ ಆರ್‌ಡಿ ಒಳ್ಳೆಯದೇ, 100 ರೂಪಾಯಿಯಿಂದಲೂ ಶುರು ಮಾಡಬಹುದು, ಆದರೆ ಅದು ಐದು ವರ್ಷದ್ದು. ಮೂರು ವರ್ಷ ಆಗದೆ ಮುಚ್ಚಲು ಬಿಡುವುದಿಲ್ಲ. ತುರ್ತು ಹಣಕ್ಕೆ ಅದು ಸರಿಯಾದ ಜಾಗ ಅಲ್ಲ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಕಟ್ಟುವವರಿಗೂ ಒಂದು ಮಾತು: ತಿಂಗಳ 5ನೇ ತಾರೀಕಿನ ಒಳಗೆ ಕಟ್ಟಿ. 5ರಿಂದ ತಿಂಗಳ ಕೊನೆಯವರೆಗೆ ಇರುವ ಕನಿಷ್ಠ ಶಿಲ್ಕಿಗೆ ಬಡ್ಡಿ ಲೆಕ್ಕ. 6ಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯ್ತು.

ಏನು ಬಿಡ್ತೀಯ ಅನ್ನೋದು ನೀನೇ ಹೇಳಬೇಕು.

---

ಮೊದಲ_ಸಂಬಳ · 27 ಡಿಸೆಂಬರ್, ಮಧ್ಯಾಹ್ನ 3:50

ಥ್ಯಾಂಕ್ಸ್ ಸರ್. ಹೊಸ ಫೋನು ಕಂತಿನ ಮೇಲೆ ತಗೊಳ್ಳೋಣ ಅಂತಿದ್ದೆ. ಅದನ್ನ ಬಿಟ್ಟೆ. ಕಂತೂ ಹೆಚ್ಚುಕಮ್ಮಿ ಅಷ್ಟೇ ಬರ್ತಿತ್ತು.

---

ಮಲ್ಲಿಗೆ_ಮೊಗ್ಗು · 27 ಡಿಸೆಂಬರ್, ರಾತ್ರಿ 10:35

ಈಗ ಅಡುಗೆಮನೆ ಒರೆಸಿ ಬಂದೆ. ಮೈಸೂರಿನವಳು, ಗೃಹಿಣಿ. ನಂಗೆ ಸ್ಕೂಟರ್ ಕಲಿಯಬೇಕು. ಮನೆಯಲ್ಲಿ ಸ್ಕೂಟರ್ ಇದೆ, ನಂಗೆ ಬರಲ್ಲ ಅಷ್ಟೇ.

ಬಸ್ಸಿನವರ ನಿಯಮ ಓದಿ ಕೂತು ಲೆಕ್ಕ ಹಾಕಿದೆ. ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ ತಿಂಡಿ, ಡಬ್ಬಿ, ಮಾವನವರ ಔಷಧಿ. ಮಧ್ಯಾಹ್ನ ಅತ್ತೆಯವರ ಜೊತೆ ಯಾರಾದ್ರೂ ಇರಲೇಬೇಕು. ಸಂಜೆ ಮಕ್ಕಳು. ಟೀವಿ ಚರ್ಚೆ ನಾನು ನೋಡಲ್ಲ, ಫೋನಿನ ಕಂತಿಲ್ಲ. ನಾನು ಬಿಡೋಕೆ ನನ್ನದು ಅಂತ ಏನಿದೆ ಹೇಳಿ. ನನ್ನ ಗುರಿಗೆ ನಾನು ಬಿಡೋದಲ್ಲ, ಮನೆಯಲ್ಲಿ ಇನ್ನೊಬ್ಬರು ಏನಾದ್ರೂ ಬಿಡಬೇಕು. ಆ ಕಾಲಂ ನಿಮ್ಮ ನಿಯಮದಲ್ಲಿ ಇಲ್ಲವಲ್ಲ?

---

ಗಾಂಧಿಬಜಾರ್_58 · 27 ಡಿಸೆಂಬರ್, ರಾತ್ರಿ 10:52

ಮೇಡಂ, ಬಸ್ಸು ಫ್ರೀ ಇದೆಯಲ್ಲ, ಸ್ಕೂಟರ್ ಯಾಕೆ?

---

ಮಲ್ಲಿಗೆ_ಮೊಗ್ಗು · 27 ಡಿಸೆಂಬರ್, ರಾತ್ರಿ 10:58

ಹೌದು ಸಾರ್, 2023ರ ಜೂನ್‌ನಿಂದ ಫ್ರೀ ಇದೆ, ನಾನೂ ಓಡಾಡ್ತೀನಿ. ನಮ್ಮ ಬಡಾವಣೆಗೆ ಬಸ್ಸು ಬರೋದು ಯಾವಾಗ ಅಂತ ಕೇಳಿದ್ರೆ ಕಂಡಕ್ಟರೇ ನಗ್ತಾರೆ. ಮಾವನವರಿಗೆ ರಾತ್ರಿ ಉಸಿರು ಕಟ್ಟಿದಾಗ ಬಸ್‌ಸ್ಟಾಪಲ್ಲಿ ನಿಂತ್ಕೊಳ್ಳೋಕಾಗುತ್ತಾ?

---

ಬೆಳಗಿನ_ಬಸ್ಸು · 28 ಡಿಸೆಂಬರ್, ಬೆಳಿಗ್ಗೆ 6:55

ಮೊಗ್ಗು ಮೇಡಂ ಹೇಳಿದ್ದು ಸರಿ. ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿದ್ದೀನಿ: 'ನಿಮ್ಮ ಗುರಿಗೋಸ್ಕರ ಯಾರು ಏನು ಬಿಡಬೇಕು, ಅವರಿಗೆ ಅದು ಗೊತ್ತಾ?' ನನ್ನ ನಡಿಗೆಗೂ ಇದು ಅನ್ವಯಿಸುತ್ತೆ. ರಾತ್ರಿ ನಾನು ಹೊರಟರೆ ಪಾತ್ರೆ ಯಾರು ತೊಳೀತಾರೆ ಅಂತ ಮನೆಯಲ್ಲಿ ಕೇಳಿದ್ರು. ತೊಳೆದೇ ಹೋಗ್ತೀನಿ ಅಂದೆ.

---

ಎಡಿಸನ್_ಅಮ್ಮ · 28 ಡಿಸೆಂಬರ್, ಬೆಳಿಗ್ಗೆ 8:10

ನ್ಯೂಜೆರ್ಸಿಯಿಂದ. ನನ್ನ ಗುರಿ: ಒಂಬತ್ತು ವರ್ಷದ ಮಗ ಹಾಸನದಲ್ಲಿರೋ ಅಜ್ಜಿ ಜೊತೆ ಫೋನಲ್ಲಿ ಹತ್ತು ನಿಮಿಷ ಪೂರ್ತಿ ಕನ್ನಡದಲ್ಲಿ ಮಾತಾಡಬೇಕು. ಬರೆಯೋದು ಓದೋದು ಆಮೇಲೆ. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಇವನಿಗೆ 'ಊಟ ಆಯ್ತಾ, ಆಯ್ತು' ಬಿಟ್ಟರೆ ಮುಂದಕ್ಕೆ ಹೋಗಲ್ಲ.

ಬಿಡೋದು: ಅವನ ಶನಿವಾರದ ಈಜು ಕ್ಲಾಸು. ಅದೇ ಹೊತ್ತಿಗೆ ಕನ್ನಡ ಶಾಲೆ.

---

ಕಪ್ಪು_ಹಲಗೆ · 28 ಡಿಸೆಂಬರ್, ಬೆಳಿಗ್ಗೆ 9:30

ಅಮ್ಮನವರೇ, ಗುರಿ ನಿಮ್ಮದು, ಬಿಡುತ್ತಿರುವುದು ಮಗನ ಈಜು. ನಾನು ಬಿ.ಇಡಿ. ವಿದ್ಯಾರ್ಥಿಗಳಿಗೆ ಪಾಠ ಹೇಳುವವನು. ಮಗುವಿಗೆ ಇಷ್ಟವಾದದ್ದನ್ನು ಕಿತ್ತು ಆ ಜಾಗದಲ್ಲಿ ಕನ್ನಡ ಕೂರಿಸಿದರೆ ಅವನಿಗೆ ಕನ್ನಡದ ಮೇಲೆಯೇ ಸಿಟ್ಟು ಬರುತ್ತದೆ. ನೀವು ಏನು ಬಿಡಬಲ್ಲಿರಿ, ಅದನ್ನು ಯೋಚಿಸಿ.

---

ತೋಟದಮನೆ · 28 ಡಿಸೆಂಬರ್, ರಾತ್ರಿ 8:45

ಶಿರಸಿ ಬದಿಯವ. ನೆಟ್‌ವರ್ಕ್ ಸಿಗೋದೇ ಈ ಹೊತ್ತಿಗೆ. ನಿಮಗೆಲ್ಲ ಜನವರಿಗೆ ಹೊಸ ವರ್ಷ, ನಮಗೆ ಜನವರಿ ಅಂದ್ರೆ ಅಡಿಕೆ ಕೊಯ್ಲು. ಕೊನೆಗೌಡ (ಮರ ಹತ್ತಿ ಕೊನೆ ಕೊಯ್ಯೋವ) ಸಿಕ್ಕಿದ ದಿನವೇ ಮುಹೂರ್ತ. ಕೊಯ್ದದ್ದನ್ನ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಇದರ ನಡುವೆ ಬೆಳಿಗ್ಗೆ ಐದಕ್ಕೆದ್ದು ಧ್ಯಾನ ಮಾಡಿ ಅಂದ್ರೆ, ನಾವು ಐದಕ್ಕೆ ಎದ್ದೇ ಇರ್ತೀವಿ ಮಹರಾಯರೇ, ಧ್ಯಾನಕ್ಕೆ ಪುರುಸೊತ್ತಿಲ್ಲ.

ನನ್ನ ಅಭಿಪ್ರಾಯ ಬೇರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದಕ್ಕೆ ನಾವು ಸಂಕಲ್ಪ ಮಾಡೋದಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯೋ ಮುಂಚೆ ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ. ಹುಮ್ಮಸ್ಸು ಬಂದರೆ ಹೊಡೆಯೋಣ ಅಂತ ಕೂತರೆ ಕಾಯಿ ಎಲ್ಲ ಉದುರಿ ಬುಡದಲ್ಲಿ ಬಿದ್ದಿರ್ತದೆ. ಯಾವಾಗ ಮಾಡಬೇಕು ಅಂತ ಆಕಾಶ ಹೇಳ್ತದೆ, ನಾವು ಮಾಡ್ತೀವಿ. ನಿಮ್ಮ ಗುರಿಗಳಿಗೆ ಮಳೆಗಾಲ ಅಂತ ಒಂದು ಇಲ್ಲದ್ದೇ ತೊಂದರೆ.

ನನ್ನ ಗುರಿ, ಕೇಳಿದ್ದಕ್ಕೆ ಹೇಳ್ತೆ: ಆಳಿನ ಲೆಕ್ಕ ಅವತ್ತಿಂದು ಅವತ್ತೇ ಬರೆಯೋದು. ಬಿಡೋದು: ಸಂಜೆ ಪೇಟೆಯಲ್ಲಿ ಅಡಿಕೆ ಧಾರಣೆ (ರೇಟು) ಕೇಳೋ ನೆಪದಲ್ಲಿ ಕೂರೋದು. ಧಾರಣೆ ಮೊಬೈಲಲ್ಲೇ ಬರ್ತದೆ, ಅದು ನಮ್ಮನೆಯವಳಿಗೂ ಗೊತ್ತಾಗಿದೆ.

---

ಕಪ್ಪು_ಹಲಗೆ · 28 ಡಿಸೆಂಬರ್, ರಾತ್ರಿ 9:30

ತೋಟದಮನೆಯವರು ಬೋರ್ಡೋ ಬಗ್ಗೆ ಹೇಳಿದ್ದನ್ನೇ ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 1999ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದ್ದಾರೆ. 'ವ್ಯಾಯಾಮ ಮಾಡುತ್ತೇನೆ' ಅನ್ನುವವರಿಗಿಂತ 'ಇಂಥದ್ದು ಆದಾಗ, ಇಂಥಲ್ಲಿ, ಇಂಥದ್ದನ್ನು ಮಾಡುತ್ತೇನೆ' ಎಂದು ಮೊದಲೇ ತೀರ್ಮಾನಿಸಿಕೊಂಡವರು ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ಆ ಹೊತ್ತಿನಲ್ಲಿ ಮತ್ತೆ ಯೋಚಿಸುವ ಪ್ರಮೇಯವೇ ಬರುವುದಿಲ್ಲ, ಅದಕ್ಕೆ.

ಇನ್ನೊಂದು, 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುವ ಮಾತು. ಅದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಮೂರು ವಾರ ಬೇಕಾಗುತ್ತದೆ ಎಂಬುದು ಅವರು ಗಮನಿಸಿದ ವಿಷಯ. ಅಭ್ಯಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಇಟ್ಟುಕೊಂಡು ನಿಜವಾಗಿ ಅಳೆದು 2010ರಲ್ಲಿ ಪ್ರಕಟಿಸಿದರು. ಕೆಲವರಿಗೆ 18 ದಿನ, ಕೆಲವರಿಗೆ 254, ನಡುವಿನ ಲೆಕ್ಕ 66. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ.

ಈಗ ಕ್ಯಾಲೆಂಡರ್ ನೋಡಿ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ. ಜನವರಿ 1ರಿಂದ ಅಲ್ಲಿಗೆ 77 ದಿನ. ಆ 66 ಅದರೊಳಗೆ ಬರುತ್ತದೆ. ಕಾಗೆಯವರು ಕೇಳಿದ ಉದ್ಯಾಪನೆಗೆ ಇದಕ್ಕಿಂತ ಒಳ್ಳೆಯ ದಿನ ಬೇಕೆ? ಬಸ್ಸಿನವರೂ ಅದೇ ವಾರ ರಕ್ತ ಪರೀಕ್ಷೆ ಮಾಡಿಸಿ. ಎಚ್‌ಬಿಎ1ಸಿ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನೇ.

---

ಬೆಳಗಿನ_ಬಸ್ಸು · 28 ಡಿಸೆಂಬರ್, ರಾತ್ರಿ 9:41

ಆಗಲಿ ಮೇಷ್ಟ್ರೇ. ಒಬ್ಬಟ್ಟಿಗಿಂತ ಮುಂಚೆಯೇ ಮಾಡಿಸ್ತೀನಿ.

---

ಹೈವೇ_ಭಾಯಿ · 28 ಡಿಸೆಂಬರ್, ರಾತ್ರಿ 11:50

ಲಾರಿ ಡ್ರೈವರ್. ಹುಬ್ಬಳ್ಳಿ–ಚಿತ್ರದುರ್ಗ–ಬೆಂಗಳೂರು ಲೈನು. ನಾನು ಸಿಗರೇಟ್ ಬಿಡಬೇಕು. ಜನವರಿ ಒಂದಕ್ಕೆ ಬಿಡೋ ಆಟ ಸಾಕಾಗಿದೆ. ರಂಜಾನ್ ತಿಂಗಳಲ್ಲಿ ಬೆಳಗಿನ ಜಾವದಿಂದ ಸೂರ್ಯ ಮುಳುಗೋ ತನಕ ಒಂದೂ ಸೇದಲ್ಲ, ಏನೂ ಆಗಲ್ಲ. ಇಫ್ತಾರ್‌ಗೆ ಖರ್ಜೂರ ಬಾಯಿಗೆ ಹಾಕಿ ಕೈ ತೊಳೆಯೋ ಮುಂಚೆ ಕೈ ಜೇಬಿಗೆ ಹೋಗುತ್ತೆ. ಈ ಸಲ ರಂಜಾನ್ ಫೆಬ್ರವರಿ ನಡುವಿನಲ್ಲಿ ಶುರು ಆಗುತ್ತೆ. ನಂಗೆ ಹೊಸ ವರ್ಷ ಅವತ್ತಿಂದ. ಹಗಲು ಹೆಂಗೂ ಇಲ್ಲ, ಬಿಡಬೇಕಾದ್ದು ಇಫ್ತಾರ್ ಆದಮೇಲಿನ ಆ ಒಂದನ್ನ. ಚಂದ್ರ ಕಂಡಂಗೆ ಈದ್ ಕೂಡ ನಿಮ್ಮ ಯುಗಾದಿ ವಾರಾನೇ ಬರುತ್ತೆ.

ಅಲ್ಲಿ ತನಕ ಸುಮ್ನೆ ಇರ್ಲಾ, ಏನಾದ್ರೂ ಮಾಡ್ಲಾ?

---

ಕಪ್ಪು_ಹಲಗೆ · 29 ಡಿಸೆಂಬರ್, ಬೆಳಿಗ್ಗೆ 7:20

ಭಾಯಿ, ಒಳ್ಳೆಯ ದಿನ ಆರಿಸಿದ್ದೀರಿ. ವಾರದ ಮೊದಲ ದಿನ, ಹುಟ್ಟುಹಬ್ಬ, ತಿಂಗಳ ಆರಂಭ ಇಂಥ ಯಾವ ಹೊಸ ಮೆಟ್ಟಿಲಿನಲ್ಲೂ ಜನಕ್ಕೆ ಹೊಸ ಹುರುಪು ಬರುತ್ತದೆ ಎಂದು 2014ರ ಒಂದು ಅಧ್ಯಯನ ತೋರಿಸಿದೆ. ಜನವರಿ 1ಕ್ಕೆ ಮಾತ್ರ ಆ ಗುಣ ಇರುವುದಲ್ಲ.

ಅಲ್ಲಿಯವರೆಗೆ ಸುಮ್ಮನೆ ಇರಬೇಡಿ. ಸಿಗರೇಟ್ ಪ್ಯಾಕಿನ ಮೇಲೇ ಒಂದು ನಂಬರ್ ಇರುತ್ತದೆ, 1800-11-2356, ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, ಉಚಿತ. ಈಗಲೇ ಮಾಡಿ, ರಂಜಾನ್ ಮೊದಲ ದಿನವನ್ನೇ ಬಿಡುವ ದಿನ ಅಂತ ಅವರಿಗೆ ಹೇಳಿ.

---

ತೋಟದಮನೆ · 29 ಡಿಸೆಂಬರ್, ರಾತ್ರಿ 8:30

ಭಾಯಿ, ಜೇಬು ಇಲ್ಲದ ಅಂಗಿ ಹೊಲಿಸಿಕೊಳ್ಳಿ. ತಮಾಷೆಯಲ್ಲ, ನಮ್ಮ ಬೀಗರೊಬ್ಬರು ಕವಳ (ಎಲೆಅಡಿಕೆ) ಬಿಟ್ಟದ್ದು ಹಾಗೇ, ಸಂಚಿ ಮನೆಯಲ್ಲೇ ಬಿಟ್ಟು ಹೋಗಿ.

---

ಸಪ್ತಾಪುರ_ರೂಮು · 30 ಡಿಸೆಂಬರ್, ರಾತ್ರಿ 1:15

ಬರೀಲೋ ಬ್ಯಾಡೋ ಅಂತ ಭಾಳ ಹೊತ್ತು ಕುಂತೆ.

ನಾ ಧಾರವಾಡ ಸಪ್ತಾಪುರದಾಗ ರೂಮ್ ಮಾಡಿಕೊಂಡು ಕಾಂಪಿಟೇಟಿವ್ ಪರೀಕ್ಷಾಕ್ಕ ಓದಾಕತ್ತೀನ್ರಿ, ಕೆಲವು ವರ್ಷ ಆತು. ಪ್ರತಿ ಜನವರಿಗೂ ಒಂದ ಗುರಿ, ಈ ವರ್ಷ ಪಾಸ್ ಆಗಬೇಕು. ನೋಟಿಫಿಕೇಶನ್ ಯಾವಾಗ ಬರತೈತಿ ಗೊತ್ತಿಲ್ಲ. ಬಂದರ ಪರೀಕ್ಷಾ ಯಾವಾಗ ಗೊತ್ತಿಲ್ಲ. ಪರೀಕ್ಷಾ ಆದರ ಯಾರರ ಕೋರ್ಟಿಗೆ ಹೋಗತಾರ. ಗುರಿ ನಂದು, ಕೀಲಿ ಮಾತ್ರ ನನ್ನ ಕೈಯಾಗಿಲ್ಲ.

ಏನ್ ಬಿಡತೀರಿ ಅಂತ ಕೇಳೀರಿ. ಊರ ಜಾತ್ರಿ ಬಿಟ್ಟೀನಿ, ಗೆಳ್ಯಾರ ಮದುವಿ ಬಿಟ್ಟೀನಿ, ಕ್ರಿಕೆಟ್ ಬಿಟ್ಟೀನಿ. ತಂಗಿ ನಿಶ್ಚಯಕ್ಕೂ ಒಂದ ದಿನಕ್ಕ ಹೋಗಿ ಬಂದೀನಿ. ಇನ್ನ ಬಿಡಾಕ ಉಳದಿದ್ದು ಒಂದ, ಈ ಪರೀಕ್ಷಾನ. ಅದನ್ನ ಗುರಿ ಅಂತ ಬರೀಬಹುದೇನ್ರಿ?

---

ಎಕ್ಸೆಲ್_ರಾಯ · 30 ಡಿಸೆಂಬರ್, ಬೆಳಿಗ್ಗೆ 8:30

ಬ್ರದರ್, ಇಷ್ಟು ದೂರ ಬಂದು ಬಿಡಬೇಡಿ. ಇನ್ನೊಂದೇ ಒಂದು ಪ್ರಯತ್ನ. ಗೆದ್ದವರೆಲ್ಲ ಇದೇ ಹಂತ ದಾಟಿದವರೇ.

---

ಪಾಸ್‌ಬುಕ್ · 30 ಡಿಸೆಂಬರ್, ಬೆಳಿಗ್ಗೆ 9:05

ರಾಯರೇ, ಗೆದ್ದವರ ಮಾತು ಮಾತ್ರ ನಿಮ್ಮ ಕಿವಿಗೆ ಬೀಳುತ್ತೆ. ಸೋತವರನ್ನು ಯಾವ ಕೋಚಿಂಗ್‌ನವರೂ ಬೋರ್ಡಿಗೆ ಹಾಕುವುದಿಲ್ಲ.

ತಮ್ಮಾ, ನಾನು ಸಾಲದ ಅರ್ಜಿ ನೋಡುತ್ತಿದ್ದ ಕಾಲದಲ್ಲಿ 'ಇದರಲ್ಲಿ ಇಷ್ಟು ದುಡ್ಡು ಹಾಕಿದ್ದೀನಿ ಸಾರ್, ಇನ್ನಷ್ಟು ಕೊಟ್ಟರೆ ಎದ್ದು ನಿಲ್ಲುತ್ತೆ' ಅಂತ ಬರುವವರು ಬಹಳ. ಹಾಕಿದ್ದು ಹೋಯ್ತು, ಅದು ವಾದ ಅಲ್ಲ. ಇಲ್ಲಿಂದ ಮುಂದೆ ಏನು ಬರುತ್ತೆ ಅನ್ನೋದೊಂದೇ ಪ್ರಶ್ನೆ. ನಿನ್ನ ವರ್ಷಗಳಿಗೂ ಅದೇ ಲೆಕ್ಕ.

---

ಹಳೇ_ರೂಮೇಟ್ · 30 ಡಿಸೆಂಬರ್, ಮಧ್ಯಾಹ್ನ 2:10

ನಾನೂ ಅದ ಸಪ್ತಾಪುರದಾಗ ಇದ್ದಾವ. ಈಗ ಗದಗದಾಗ ಖಾಸಗಿ ಕೆಲಸ, ಲಗ್ನ ಆಗೇತಿ, ಆರಾಮ ಅದೀನಿ.

ಬರೀಬಹುದೋ ತಮ್ಮಾ, ಖಂಡಿತ ಬರಿ. ಆದರ ರಾತ್ರಿ ಒಂದಕ್ಕ ಬರೀಬ್ಯಾಡ. ರಾತ್ರಿ ಒಂದಕ್ಕ ಎಲ್ಲಾ ಬಿಡಬೇಕು ಅನಸತೈತಿ, ಮುಂಜಾನೆ ಮಿರ್ಚಿ ಮಂಡಕ್ಕಿ ತಿಂದ ಮ್ಯಾಲೆ ಮತ್ತ ಓದಬೇಕು ಅನಸತೈತಿ. ಹಗಲಹೊತ್ತಿನಾಗ ಕುಂತು ಒಂದ ತಾರೀಖು ಹಾಕು. ಯುಪಿಎಸ್‌ಸಿದವರು ಸಾಮಾನ್ಯ ವರ್ಗಕ್ಕ ಆರು ಸಲ, 32 ವರ್ಷ ಅಂತ ಮಿತಿ ಹಾಕ್ಯಾರಲ್ಲ, ಹಂಗ ನಿನ್ನ ಮಿತಿ ನೀನ ಹಾಕ್ಕೊ, ಸರ್ಕಾರದ್ದಕ್ಕಿಂತ ಮೊದಲ. ಆ ತಾರೀಖು ಬರೂತನಾ ಓದು, ಜೊತಿಗೆ ಕೈಗೊಂದ ಕೆಲಸ ಹಿಡಿ. ಬಂದ ಮ್ಯಾಲೆ ಮತ್ತ ಪಂಚಾಯಿತಿ ಬ್ಯಾಡ.

ಮತ್ತ ಅಪ್ಪಗ ನೀನ ಹೇಳು. ಪರೀಕ್ಷಾ ಬಿಡೂದಕ್ಕಿಂತ ಮನ್ಯಾಗ ಹೇಳೂದ ಹೆಚ್ಚು ಹೆದರಿಕಿ, ನಂಗೊತ್ತೈತಿ. ಬ್ಯಾರೆದವರ ಬಾಯಿಂದ ಕೇಳಿದರ ಅವರಿಗೆ ಭಾಳ ನೋವಾಗತೈತಿ.

---

ಕರಾವಳಿ_ಕಾಗೆ · 30 ಡಿಸೆಂಬರ್, ಸಂಜೆ 5:25

ಪರೀಕ್ಷೆಗೂ ಉದ್ಯಾಪನೆ ಮಾಡಬಹುದು ಮಾರಾಯ. ನಾಲ್ಕು ಗೆಳೆಯರನ್ನು ಕರೆದು ಊಟ ಹಾಕು, ಪುಸ್ತಕ ಜೂನಿಯರ್‌ಗಳಿಗೆ ಕೊಡು. ಕದ್ದು ಬಿಟ್ಟರೆ ಅದು ಹಿಂದೆಯೇ ಬರ್ತದೆ.

---

ಎಡಿಸನ್_ಅಮ್ಮ · 31 ಡಿಸೆಂಬರ್, ಬೆಳಿಗ್ಗೆ 7:45

ಮೇಷ್ಟ್ರ ಮಾತು ಎರಡು ದಿನ ತಲೆಯಲ್ಲೇ ಇತ್ತು. ಮಗನನ್ನೇ ಕೇಳಿದೆ, ಅಜ್ಜಿ ಜೊತೆ ಯಾಕೆ ಮಾತಾಡಲ್ಲ ಅಂತ. 'ಅವರು ನಗ್ತಾರೆ' ಅಂದ. ನಿಜ, ಅವನು 'ಅಜ್ಜಿ ಬಂದ' ಅಂದ್ರೆ ಆ ಕಡೆ ಇಡೀ ಮನೆ ನಗುತ್ತೆ. ಮುದ್ದಿನ ನಗುವೇ, ಆದ್ರೆ ಒಂಬತ್ತು ವರ್ಷದವನಿಗೆ ಅದು ಹೇಗೆ ಗೊತ್ತಾಗ್ಬೇಕು?

ಆದ್ದರಿಂದ ಕಾಲಂ ಬದಲಾಯಿಸ್ತಿದ್ದೀನಿ. ಈಜು ಇರಲಿ. ಅಜ್ಜಿ, ಅತ್ತಿಗೆ, ಭಾವ ನಗೋದು ಬಿಡ್ತಾರೆ, ಫೋನ್ ಮಾಡಿ ಹೇಳಿದ್ದೀನಿ. ನಾನು ಬಿಡೋದು ಮಾತಿನ ನಡುವೆ ಬಾಯಿ ಹಾಕಿ ತಿದ್ದೋದನ್ನ. ರಾತ್ರಿ ಊಟದ ಮೇಜಿನಲ್ಲಿ ನಾವಿಬ್ಬರೂ ಇಂಗ್ಲಿಷ್ ಆಡಲ್ಲ. ಅವನು ಯಾವುದರಲ್ಲಿ ಬೇಕಾದ್ರೂ ಉತ್ತರ ಕೊಡಲಿ.

---

ಎಕ್ಸೆಲ್_ರಾಯ · 31 ಡಿಸೆಂಬರ್, ಸಂಜೆ 6:30

ಏಳನ್ನು ಎರಡಕ್ಕೆ ಇಳಿಸಿದ್ದೀನಿ. ಓದು ಮತ್ತು ಸಂಸಾರ. ಬಿಡೋ ಕಾಲಂನಲ್ಲಿ 'ಶೀಟ್ ನಿರ್ವಹಣೆ' ಅಂತ ಬರೆದಿದ್ದೀನಿ, ಕಾಗೆಯವರಿಗೆ ಸಮಾಧಾನವಾಗಲಿ. ಆದ್ರೆ ಒಂದು ಮಾತು: ಅಳೆಯದೆ ಇದ್ರೆ ಏನೂ ಗೊತ್ತಾಗಲ್ಲ ಅನ್ನೋದನ್ನ ನಾನು ಒಪ್ಪೇ ಒಪ್ತೀನಿ. ಬಸ್ಸಿನವರ 6.1 ಬಂದಿದ್ದು ಅಳೆದಿದ್ದಕ್ಕೇ ಅಲ್ವಾ?

---

ಕರಾವಳಿ_ಕಾಗೆ · 31 ಡಿಸೆಂಬರ್, ಸಂಜೆ 6:44

ಅದು ಹೌದು. ಎರಡು ಅಂದ್ರೆ ಇನ್ನೂ ಒಂದು ಹೆಚ್ಚಾಯ್ತು.

---

ಸಪ್ತಾಪುರ_ರೂಮು · 1 ಜನವರಿ 2026, ಬೆಳಿಗ್ಗೆ 11:20

ಹಗಲಹೊತ್ತಿನಾಗ ಬರಿಯಾಕತ್ತೀನ್ರಿ. ಅಪ್ಪಗ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ 'ಕಡ್ಲಿ ರಾಶಿ ಮುಂದೈತಿ, ನಾಕ ದಿನ ಬಾ' ಅಂದರು. ಅಷ್ಟ.

ತಾರೀಖು ಹಾಕೀನಿ, ಇಲ್ಲಿ ಹೇಳಂಗಿಲ್ಲ, ರೂಮೇಟ್ ಅಣ್ಣಗ ಮೆಸೇಜ್ ಮಾಡೀನಿ. ಬಿ.ಇಡಿ. ಆಗೇತಿ, ಒಂದ ಖಾಸಗಿ ಸಾಲ್ಯಾಗ ಅರ್ಧ ದಿನದ ಕೆಲಸ ಕೇಳಾಕ ಹೊಂಟೀನಿ. ಬಿಡೂದು: ಗೋಡಿ ಮ್ಯಾಲೆ ಅಂಟಿಸಿದ್ದ ಟೈಮ್‌ಟೇಬಲ್. ಹದಿನಾಕ ತಾಸಿಂದು ಇತ್ತು. ಆರು ತಾಸಿಂದು ಬರದು ಹಚ್ಚೀನಿ.

---

ಮಲ್ಲಿಗೆ_ಮೊಗ್ಗು · 1 ಜನವರಿ, ರಾತ್ರಿ 9:50

ನಮ್ಮನೆಯವರಿಗೆ ಈ ಎಳೆ ಓದಿಸಿದೆ. ನಾನು ಹೇಳಿದ್ರೆ ಕೇಳ್ತಿರಲಿಲ್ಲ, ಇಷ್ಟು ಜನ ಓದಿದ್ದಾರೆ ಅಂದಮೇಲೆ ಕೇಳಿದ್ರು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ತಿಂಡಿ, ಡಬ್ಬಿ ಅವರದು. ಅವರು ಬಿಡೋದು ಪಾರ್ಕಿನ ನಡಿಗೆ ಆದಮೇಲಿನ ಕಾಫಿ ಹರಟೆ. ಅವರಿಗೆ ಬರೋದು ಉಪ್ಪಿಟ್ಟು ಒಂದೇ. ಮೂರು ದಿನವೂ ಅದೇನಾ ಅಂತ ಮಕ್ಕಳು ಈಗಲೇ ಮುಖ ಸಿಂಡರಿಸಿದ್ದಾರೆ.

ಕಲಿಕಾ ಲೈಸೆನ್ಸ್‌ಗೆ (ಎಲ್‌ಎಲ್) ಅರ್ಜಿ ಹಾಕ್ತಿದ್ದೀನಿ. ಎಷ್ಟು ದಿನದಲ್ಲಿ ಪಕ್ಕಾ ಲೈಸೆನ್ಸ್ (ಡಿಎಲ್) ತಗೋಬಹುದು, ಗೊತ್ತಿರೋರು ಹೇಳಿ.

---

ಹೈವೇ_ಭಾಯಿ · 1 ಜನವರಿ, ರಾತ್ರಿ 11:30

ಅಕ್ಕ, ಎಲ್‌ಎಲ್ ಸಿಕ್ಕ ದಿನದಿಂದ 30 ದಿನ ಆಗೋ ತನಕ ಡಿಎಲ್ ಟೆಸ್ಟ್ ಕೊಡೋಕಾಗಲ್ಲ. ಎಲ್‌ಎಲ್ ಆರು ತಿಂಗಳು ನಡೆಯುತ್ತೆ, ಅಷ್ಟರೊಳಗೆ ಟೆಸ್ಟ್ ಮುಗಿಸಿ, ಇಲ್ಲಾಂದ್ರೆ ಮತ್ತೆ ಎಲ್‌ಎಲ್ ಮಾಡಿಸಬೇಕು. ಹಿಂದೆ ಮುಂದೆ ಕೆಂಪು 'ಎಲ್' ಹಚ್ಚೋದು ಮರೀಬೇಡಿ. ಹೆಲ್ಮೆಟ್ ಮೊದಲ ದಿನದಿಂದಲೇ.

---

ಮಲ್ಲಿಗೆ_ಮೊಗ್ಗು · 1 ಜನವರಿ, ರಾತ್ರಿ 11:36

ಥ್ಯಾಂಕ್ಸ್ ಭಾಯಿ. ಟೆಸ್ಟಲ್ಲಿ ಎಂಟರ ಆಕಾರ ಹಾಕುವಾಗ ಕಾಲು ಕೆಳಗಿಟ್ರೆ ಫೇಲಾ?

---

ಹೈವೇ_ಭಾಯಿ · 1 ಜನವರಿ, ರಾತ್ರಿ 11:41

ಫೇಲೇ ಅಕ್ಕ. ಅದಕ್ಕೆ ಮೊದಲು ಖಾಲಿ ಮೈದಾನದಲ್ಲಿ ದೊಡ್ಡ ಎಂಟು ಹಾಕಿ ಕಲೀರಿ, ದಿನಾ ಸ್ವಲ್ಪ ಸ್ವಲ್ಪ ಚಿಕ್ಕದು ಮಾಡ್ತಾ ಹೋಗಿ. ನೋಟ ಚಕ್ರದ ಮೇಲೆ ಬೇಡ, ಮುಂದೆ ತಿರುಗಬೇಕಾದ ಕಡೆಗೆ ಇರಲಿ. ಬ್ರೇಕು ಎರಡೂ ಒಟ್ಟಿಗೆ ಹಿಡೀರಿ. ಬೆಳಿಗ್ಗೆ ಆರರಿಂದ ಏಳರೊಳಗೆ ರೋಡು ಖಾಲಿ ಇರುತ್ತೆ, ಉಪ್ಪಿಟ್ಟು ಬೇಯೋ ಹೊತ್ತು ಸಾಕು.